ನೆಲಕ್ಕೆ ಕಿವಿಗೊಡುವ ಕಿವಿಯಕ್ಕ

ಬೆಳಗಿನ ಜಾವ ನಾಲ್ಕೂವರೆ. ಬೀದಿದೀಪದ ಕೆಳಗೆ ಒಬ್ಬ ಹೆಂಗಸು ನೀರಿನ ವಾಲ್ವಿನ ಮೇಲೆ ಕಬ್ಬಿಣದ ಸರಳು ನಿಲ್ಲಿಸಿ, ಅದರ ಮೇಲ್ತುದಿಯ ಮರದ ಬಟ್ಟಲಿಗೆ ಕಿವಿ ಒತ್ತಿ ಬಾಗಿ ನಿಂತಿದ್ದಾರೆ. ಉಸಿರು ಬಿಗಿಹಿಡಿದಿದ್ದಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಪಕ್ಕದಲ್ಲಿ ಕೆಮ್ಮು ನುಂಗಿಕೊಂಡು ನಿಂತಿದ್ದೇನೆ. ಹೊರಡುವ ಮೊದಲೇ ಕಟ್ಟಪ್ಪಣೆಯಾಗಿದೆ: ಕೆಮ್ಮಬಾರದು, ಚಪ್ಪಲಿ ಎಳೆಯಬಾರದು, ಜೇಬಿನಲ್ಲಿ ಬೀಗದ ಕೈ ಗೊಂಚಲು ಇರಬಾರದು. ಎದುರಿನ ಹಾಲಿನಂಗಡಿಯವನು ಇವರನ್ನು ಕಂಡ ಕೂಡಲೇ ಹೇಳಿಸಿಕೊಳ್ಳದೆ ಫ್ರಿಜ್ಜಿನ ಸ್ವಿಚ್ ಆರಿಸುತ್ತಾನೆ.

“ಇದೆ,” ಅನ್ನುತ್ತಾರೆ ಕೊನೆಗೆ. “ಇಲ್ಲೇ ಎಲ್ಲೋ ಸೋರ್ತಾ ಇದೆ. ಇಂಥ ಕಡೆ ಅಂತ ಹೇಳೋಕೆ ಮಾತ್ರ ಈಗೀಗ ಧೈರ್ಯ ಬರಲ್ಲ.”

ನೀರು ಸರಬರಾಜು ಕಚೇರಿಯ ಕಡತದಲ್ಲಿ ಇವರು ಸೋರಿಕೆ ಪತ್ತೆ ಸಹಾಯಕಿ. ಜೊತೆಯವರ ಬಾಯಲ್ಲಿ ಕಿವಿಯಕ್ಕ. ವಯಸ್ಸು ಐವತ್ತೊಂದು, ಸರ್ವಿಸ್ ಇಪ್ಪತ್ತೆರಡು ವರ್ಷ. ದಿನಕ್ಕೆ ಐದು ಕಿಲೋಮೀಟರ್ ನಡಿಗೆ, ನೂರಿಪ್ಪತ್ತು ಕಡೆ ಸರಳು ಊರುವುದು. ಬಸ್ಸುಗಳು ರಸ್ತೆಗಿಳಿಯುವುದರೊಳಗೆ ಎಲ್ಲ ಮುಗಿಯಬೇಕು. ಈ ಕೆಲಸಕ್ಕೆಂದು ಕಚೇರಿಗೆ ಬಂದಿದ್ದ ಮಿಷನ್ನು ರಿಪೇರಿಗೆ ಹೋಗಿ ನಾಲ್ಕು ವರ್ಷವಾಯಿತು. ಇವರ ಕಿವಿ ಮಾತ್ರ ಒಂದು ದಿನವೂ ರಿಪೇರಿಗೆ ಹೋಗಿಲ್ಲ ಎಂದು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದರು. ಈಚೆಗೆ ಆ ತಮಾಷೆಗೆ ಇವರು ನಗುವುದಿಲ್ಲ.

ಇಂಥ ಕಿವಿ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದಾಗ ಹಳಬರೊಬ್ಬರು ಇವರನ್ನು ನಲ್ಲಿಗೆ ಬೆನ್ನು ಮಾಡಿ ಕೂರಿಸಿ, ಕೊಡ ತುಂಬಲು ಬಿಡುತ್ತಿದ್ದರಂತೆ. ಕಾಲು ತುಂಬಿತೋ, ಅರ್ಧವೋ, ಮುಕ್ಕಾಲೋ, ನೋಡದೆ ಹೇಳಬೇಕು. ಕೊಡ ತುಂಬಿದಂತೆಲ್ಲ ನೀರಿನ ಸದ್ದು ಸಣ್ಣಗಾಗುತ್ತಾ ಮೇಲೇರುತ್ತದಲ್ಲ, ಅದನ್ನು ಹಿಡಿಯುವುದೇ ಮೊದಲ ಪಾಠ. ಆಮೇಲೆ ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಸದ್ದು ಏರಿತೋ ಇಳಿಯಿತೋ ಎಂದು ಕೇಳುತ್ತಿದ್ದರು. “ಮೂರು ತಿಂಗಳು ಬರೀ ತಪ್ಪು ಹೇಳಿದೀನಿ. ಮನೇಲಿ ಸೊಸೆ ನೀರು ಕೇಳೋ ಕೆಲಸಕ್ಕೆ ಸೇರಿದಾಳೆ ಅಂತ ಅತ್ತೆ ನೆಂಟರ ಮುಂದೆ ಹೇಳೋಕೂ ನಾಚ್ಕೋತಿದ್ರು.”

ನೆಲದಡಿಯ ಪಾಠ ಇನ್ನೂ ಸೂಕ್ಷ್ಮ. ಪೈಪು ಒಡೆದ ಕಡೆ ಎರಡು ಸದ್ದು ಹುಟ್ಟುತ್ತವೆ. ದಪ್ಪನೆಯ ಗುರುಗುರು ಪೈಪಿನುದ್ದಕ್ಕೂ ದೂರ ಹೋಗುತ್ತದೆ. ಸಣ್ಣನೆಯ ಸುಂಯ್ ಎನ್ನುವುದು ಒಡಕಿನ ಹತ್ತಿರವಷ್ಟೇ ಕೇಳಿಸುತ್ತದೆ. ದಪ್ಪ ಸದ್ದು ಬೀದಿ ತೋರಿಸಿದರೆ, ಜಾಗ ತೋರಿಸುವುದು ಸಣ್ಣ ಸದ್ದು. ಆ ಸಣ್ಣ ಸದ್ದೇ ಇವರ ಬಲಗಿವಿಯಿಂದ ಜಾರಿಹೋಗಿದೆ. ಎಡಗಿವಿಯೂ ಅದೇ ದಾರಿ ಹಿಡಿದಿದೆಯೇ ಎಂಬುದೇ ಇವರ ಈಗಿನ ದಿಗಿಲು.

ಆ ದಿಗಿಲು ಹುಟ್ಟಿದ್ದು ಹೋದ ತಿಂಗಳು, ಔಷಧಿ ಅಂಗಡಿಯ ಬೀದಿಯಲ್ಲಿ. ಗುರುಗುರು ಚೆನ್ನಾಗಿ ಕೇಳಿಸಿತು, ಸುಂಯ್ ಕೇಳಿಸಲೇ ಇಲ್ಲ. ಅಗೆಯುವವರು ಗುದ್ದಲಿ ಹಿಡಿದು ಕಾಯುತ್ತಿದ್ದರು. ಸದ್ದು ಎಲ್ಲಿ ಅತಿ ಜೋರಾಗಿತ್ತೋ ಅಲ್ಲಿ ಇವರು ಸುಣ್ಣದ ಗೀಟು ಹಾಕಿಬಿಟ್ಟರು. ಅದು ಪೈಪು ತಿರುಗುವ ಮೂಲೆ, ಎಂಥ ಸದ್ದೂ ಅಲ್ಲಿ ಜೋರಾಗಿಯೇ ಇರುತ್ತದೆ. ಎದೆಯುದ್ದ ಅಗೆದರೂ ಒಣಮಣ್ಣು. ಒಡಕು ಹನ್ನೊಂದು ಅಡಿ ಆಚೆ ಒಂದು ಮನೆಯ ಪಾಯದ ಪಕ್ಕದಲ್ಲಿತ್ತು, ಅದು ಸಿಗುವಷ್ಟರಲ್ಲಿ ಆ ಮನೆಯ ಗೋಡೆ ಬಿರುಕು ಬಿಟ್ಟಿತ್ತು. “ಜೋರಾಗಿ ಕೂಗೋನ ಹಿಂದೆ ಹೋದೆ, ಸಣ್ಣಗೆ ಅಳ್ತಿದ್ದೋಳು ಕೇಳಿಸಲಿಲ್ಲ,” ಅನ್ನುತ್ತಾರೆ. ಆ ಮನೆಯಲ್ಲಿ ಬಾಣಂತಿ ಇದ್ದರಂತೆ. ಅದನ್ನು ಹೇಳುವಾಗ ಇವರ ಕೈ ಸರಳನ್ನು ಸುಮ್ಮನೆ ಒರೆಸುತ್ತಿರುತ್ತದೆ.

ಬರುವ ಗುರುವಾರ ಕಚೇರಿಯಲ್ಲಿ ಕಿವಿ ಪರೀಕ್ಷೆ. ಪಾಸಾದರೆ ಸರಳು, ಇಲ್ಲದಿದ್ದರೆ ಉಗ್ರಾಣದಲ್ಲಿ ಪೈಪು ಎಣಿಸುವ ಕುರ್ಚಿ. ಇವರ ಜಾಗಕ್ಕೆ ಇನ್ನೂ ಯಾರನ್ನೂ ತಯಾರು ಮಾಡಿಲ್ಲ.

ಇಂದು ನಾಲ್ಕು ಸಲ ಅತ್ತಿತ್ತ ನಡೆದು, ಎಡಗಿವಿಯಲ್ಲೇ ಕೇಳಿ, ಗೀಟು ಹಾಕಿ, ಅಳಿಸಿ, ಒಂದು ಮೊಳ ಆಚೆ ಮತ್ತೆ ಹಾಕಿದ್ದಾರೆ. ಅಗೆಯುವ ತಂಡದ ಮೇಸ್ತ್ರಿ ಇವರ ಮುಖ ನೋಡಿ ಚುಡಾಯಿಸುತ್ತಾನೆ: “ಬೆಟ್ಟ ಅಗೆದ್ರೆ ಇಲಿಯಾದ್ರೂ ಸಿಗುತ್ತಂತೆ ಅಕ್ಕ. ಹೋದ ತಿಂಗಳು ನಮಗೆ ಅದೂ ಸಿಗಲಿಲ್ಲ.” ಅವನ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಆದರೂ ಮಣ್ಣು ಒದ್ದೆಯಾಗುವವರೆಗೆ ಕಿವಿಯಕ್ಕ ಕೂರುವುದಿಲ್ಲ, ಕೊಟ್ಟ ಟೀ ಮುಟ್ಟುವುದಿಲ್ಲ. ಗುಂಡಿಯಲ್ಲಿ ನೀರು ಚಿಮ್ಮಿದಾಗ ನನಗೇ ಜೀವ ಬಂದಂತಾಗುತ್ತದೆ. ಇವರಿಗೆ ಸಮಾಧಾನವಿಲ್ಲ. “ಕಿವಿಯಿಂದ ಸಿಕ್ತೋ, ಅದೃಷ್ಟದಿಂದ ಸಿಕ್ತೋ ಯಾರಿಗೆ ಗೊತ್ತು?”

ಮಧ್ಯಾಹ್ನ ಮೂರಕ್ಕೆ ಇವರ ಮನೆಯಲ್ಲಿ ಅಭ್ಯಾಸ. ಯಜಮಾನರು ದರ್ಜಿ, ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ ನಿಲ್ಲಿಸಿ, ಕಿಟಕಿ ಮುಚ್ಚಿ, ಫೋನಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿ ಕೂರುತ್ತಾರೆ. ಕಿವಿಯಕ್ಕ ಆರಡಿ ದೂರದಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಾರೆ. ಫೋನಿನಿಂದ ಒಂದೊಂದೇ ಸ್ವರ ಬರುತ್ತದೆ, ಅದು ಎಷ್ಟು ಹರ್ಟ್ಸ್‌ನದು ಎಂದು ಇವರು ಹೇಳಬೇಕು. “ಇನ್ನೂರೈವತ್ತು,” ಅನ್ನುತ್ತಾರೆ ಇವರು. “ಸಾವಿರ. ಈಗ ಅದೇ ಸಾವಿರ, ಸೌಂಡ್ ಒಂದು ಚೂರು ಕಮ್ಮಿ ಮಾಡಿದ್ರಿ.” ಎಲ್ಲವೂ ಸರಿ. ಸಂಖ್ಯೆ ಹೆಚ್ಚಿದಂತೆಲ್ಲ ಸ್ವರ ಸಣ್ಣಗಾಗುತ್ತಾ ಹೋಗುತ್ತದೆ. ಕೊನೆಯದು ನಾಲ್ಕು ಸಾವಿರ. ಅದನ್ನು ಹಾಕುವ ಮುನ್ನ ಯಜಮಾನರ ಹೆಬ್ಬೆರಳು ಮೆಲ್ಲಗೆ ಫೋನಿನ ಅಂಚಿಗೆ ಸರಿದು ಸೌಂಡ್ ಏರಿಸುವುದನ್ನು ನಾನು ನೋಡುತ್ತೇನೆ. ನನ್ನತ್ತ ತಿರುಗಿ, ಹೇಳಬೇಡಿ ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಾರೆ.

“ನಾಲ್ಕು ಸಾವಿರ,” ಅನ್ನುತ್ತಾರೆ ಕಿವಿಯಕ್ಕ. ಆಮೇಲೆ ಗೋಡೆಯ ಕಡೆಗೇ ಮುಖ ಮಾಡಿಕೊಂಡು, “ಎರಡು ವಾರದಿಂದ ನೀವು ಏರಿಸ್ತಾನೇ ಇದೀರಿ. ಅದು ಗೊತ್ತಾಗದಿದ್ರೆ ನಾನ್ಯಾಕೆ ಈ ಕೆಲಸದಲ್ಲಿರಬೇಕು? ಗುರುವಾರ ಅಲ್ಲಿ ಯಾರೂ ಏರಿಸಲ್ಲ ರೀ. ಇದ್ದ ಹಾಗೇ ಹಾಕಿ.”

ಯಜಮಾನರು ಸೌಂಡ್ ಇಳಿಸಿ ಗುಂಡಿ ಒತ್ತುತ್ತಾರೆ. ಸ್ವರ ಸಣ್ಣಗೆ, ಸ್ಪಷ್ಟವಾಗಿ ಬರುತ್ತಿದೆ, ನನಗೆ ಕೇಳಿಸುತ್ತಿದೆ. ಕಿವಿಯಕ್ಕ ತಲೆ ವಾಲಿಸಿ ಕಾಯುತ್ತಿದ್ದಾರೆ.

“ಹಾಕಿದ್ರಾ?”

“ಇಲ್ಲ, ಇನ್ನೂ ಹಾಕಿಲ್ಲ,” ಅನ್ನುತ್ತಾರೆ ಯಜಮಾನರು. ಸ್ವರ ಇನ್ನೂ ಬರುತ್ತಲೇ ಇದೆ.

ಕಿವಿಯಕ್ಕ ಈಗ ತಿರುಗುತ್ತಾರೆ. “ಹಾಕಿದೀರಿ. ಸುಳ್ಳು ಹೇಳುವಾಗ ನಿಮ್ಮ ದನಿ ಒಂದು ಮೆಟ್ಟಿಲು ಇಳಿಯುತ್ತೆ. ಮದುವೆಯಾದಾಗಿಂದ ಕೇಳ್ತಿದೀನಿ.”

ಯಜಮಾನರು ಫೋನು ಆರಿಸಿ ತಲೆ ತಗ್ಗಿಸುತ್ತಾರೆ. ಕಿವಿಯಕ್ಕ ಅವರ ಪಕ್ಕದಲ್ಲಿ ಬಂದು ಕೂತು, ಅಭ್ಯಾಸದ ಪುಸ್ತಕ ತೆರೆದು, ದಿನಾಂಕ ಹಾಕಿ, ನಾಲ್ಕು ಸಾವಿರದ ಮುಂದೆ ‘ಕೇಳಿಸಲಿಲ್ಲ’ ಎಂದು ಬರೆಯುತ್ತಾರೆ. ಗುರುವಾರದವರೆಗೆ ಕಾಯುವುದಿಲ್ಲ, ನಾಳೆಯೇ ಸಾಹೇಬರಿಗೆ ಈ ಪುಟ ತೋರಿಸಿ, ಕಲಿಯುವವರನ್ನು ಕೊಡಿ ಎಂದು ಕೇಳುತ್ತಾರಂತೆ. ಕೊಡ ತುಂಬುವುದರಿಂದಲೇ ಶುರು ಮಾಡಿಸುತ್ತಾರಂತೆ.

ಹೊರಡುವಾಗ ಬಾಗಿಲ ಬಳಿ ನನ್ನನ್ನು ನಿಲ್ಲಿಸುತ್ತಾರೆ. “ಇದನ್ನ ಬರ್ಕೊಳ್ಳಿ. ಕೇಳಿಸದೆ ಇದ್ದದ್ದನ್ನ ಕೇಳಿಸ್ತು ಅಂತ ಗೀಟು ಹಾಕಿದ್ದು ಇಪ್ಪತ್ತೆರಡು ವರ್ಷದಲ್ಲಿ ಒಂದೇ ಸಲ. ಎರಡನೇ ಸಲ ಆಗೋದು ಬೇಡ, ಅಷ್ಟೇ.”