ಮುಖ ನೋಡಿ ಕೊಡುತ್ತಿದ್ದವಳು

ಟೇಲರ್ ಅಕ್ಕನ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಪಿನ್ನು. ಮಾತು, ನಗು, ಬೈಗುಳ ಎಲ್ಲವೂ ಅವುಗಳ ಸಂದಿಯಿಂದಲೇ ಹೊರಬರಬೇಕು. ಪಿನ್ನು ತೆಗೆದು ಮೇಜಿನ ಮೇಲಿಟ್ಟಳೆಂದರೆ ಎದುರಿದ್ದವರ ಗ್ರಹಚಾರ ಕೆಟ್ಟಿತೆಂದೇ ಅರ್ಥ.

ಮುರ್ಡೇಶ್ವರದ ನಮ್ಮ ಕೇರಿಯ ಮನೆಗಳಿಗೆ ನಂಬರಿಲ್ಲ. ಎಲ್ಲರ ವಿಳಾಸವೂ 'ಟೇಲರ್ ಅಂಗಡಿ ಹತ್ತಿರ'. ಕೊರಿಯರಿನವನು ಇಡೀ ಕೇರಿಯ ಪಾರ್ಸೆಲ್ಲುಗಳನ್ನು ಅಕ್ಕನ ಕಟ್ಟೆಯ ಮೇಲೆ ಇಳಿಸಿ ಹೋಗುತ್ತಿದ್ದ. ಯಾರ ಹೆಸರಿದೆಯೋ ಅವರೇ ಬಂದು ಒಯ್ಯಬೇಕು. ಒಮ್ಮೆ ನನ್ನ ಗಂಡ ನನ್ನ ಡಬ್ಬ ಕೇಳಿದಾಗ, "ಅವಳೇ ಬರ್ಲಿ. ನಿಮ್ಗೆ ಎಂತಕ್ಕೆ ಅದು?" ಎಂದು ಬರಿಗೈಯಲ್ಲಿ ಕಳಿಸಿದ್ದಳು. ನನಗೆ ಸಿಟ್ಟು ಬಂದಿತ್ತು. ಅದರಲ್ಲಿದ್ದದ್ದು ಬರೀ ಮಿಕ್ಸಿ ಜಾರು!

ಕಳೆದ ವರ್ಷ ರೈಲ್ವೆ ಸ್ಟೇಷನ್ ಎದುರು ಪಾರ್ಸೆಲ್ ಲಾಕರ್ ಬಂತು. ಮೊಬೈಲಿಗೆ ಬಂದ ಓಟಿಪಿ ಒತ್ತಿದರೆ ಖಾನೆ ತಾನೇ ತೆರೆಯುತ್ತದೆ. ಗಾಡಿ ಮನೆಮನೆ ಸುತ್ತುವುದು ತಪ್ಪುತ್ತದೆ, ಹೊಗೆ ಕಡಿಮೆ ಎಂದರು. ನಾನು ನಂಬಿದೆ, ಈಗಲೂ ನಂಬುತ್ತೇನೆ. ಮಹಿಳಾ ಸಂಘದ ಪರವಾಗಿ ಕೇರಿಯವರನ್ನೆಲ್ಲ ನೋಂದಾಯಿಸಿದವಳೂ ನಾನೇ. ಮನೆಗೊಂದು ಮೊಬೈಲ್ ನಂಬರು. ಗ್ಯಾಸ್ ಬುಕ್ಕಿಂಗಿಗೆ ಕೊಡುವ ಹಾಗೆ ಎಲ್ಲರೂ ಗಂಡಸರ ನಂಬರನ್ನೇ ಕೊಟ್ಟರು, ನಾನೂ ಬರೆದುಕೊಂಡೆ.

ಅಕ್ಕ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು.

"ನಾನು ಕೊಡೂಕೆ ಮುಂಚೆ ಮುಖ ನೋಡ್ತೆ. ಅದು ಎಂತ ನೋಡ್ತದೆ?"

"ನಂಬರ್ ನೋಡ್ತದೆ ಅಕ್ಕ. ನಿಂಗೂ ಕೆಲ್ಸ ಕಮ್ಮಿ ಆತಲ್ಲ."

ಅವಳು ಪಿನ್ನುಗಳನ್ನು ಮತ್ತೆ ತುಟಿಗೆ ಸಿಕ್ಕಿಸಿಕೊಂಡಳು.

ನಾಲ್ಕು ಮನೆ ಆಚೆ ಕುಮಟಾದಿಂದ ಮದುವೆಯಾಗಿ ಬಂದ ಹುಡುಗಿಯೊಬ್ಬಳಿದ್ದಳು. ನರ್ಸಿಂಗ್ ಓದಿದವಳು. ಕೆಲಸಕ್ಕೆ ಹೋಗುತ್ತೇನೆ ಎಂದದ್ದಕ್ಕೆ ಗಂಡ ಅವಳ ಅಂಕಪಟ್ಟಿಗಳನ್ನು ಒಲೆಗೆ ಹಾಕಿದ್ದ. ಅವಳು ಗುಟ್ಟಾಗಿ ಕಾಲೇಜಿನಿಂದ ಬೇರೆ ಪ್ರತಿ ತರಿಸುತ್ತಿದ್ದದ್ದು ಅಕ್ಕನಿಗೆ ಮಾತ್ರ ಗೊತ್ತಿತ್ತು. ನನಗೆ ತಿಳಿದದ್ದು ಆಮೇಲೆ.

ಆ ಲಕೋಟೆ ಅಂಗಡಿಗೆ ಬರಲಿಲ್ಲ, ಲಾಕರಿಗೆ ಹೋಯಿತು. ಓಟಿಪಿ ಗಂಡನ ಮೊಬೈಲಿಗೆ ಬಂತು. ಒತ್ತುವುದು ಹೇಗೆಂದು ಪಕ್ಕದಲ್ಲಿ ನಿಂತು ಕಲಿಸಿದವಳು ನಾನು. ಅವನು ಲಕೋಟೆಯ ಮೇಲಿನ ಹೆಸರನ್ನು ನಿಧಾನವಾಗಿ ಓದಿದ.

"ಭಾರೀ ಉಪಕಾರ ಆತು ಅಕ್ಕೋರೆ," ಎಂದು ನಕ್ಕ.

ಎಂಟು ದಿನದ ಮೇಲೆ, ಬಿರುಬೇಸಿಗೆಯಲ್ಲಿ, ಆ ಹುಡುಗಿ ತುಂಬುತೋಳಿನ ರವಿಕೆ ಹೊಲಿಸಲು ಅಂಗಡಿಗೆ ಬಂದಳಂತೆ. ಅಳತೆ ತೆಗೆದ ಅಕ್ಕ ಮಿಷನ್ ಬಿಟ್ಟು ನಮ್ಮ ಮನೆಗೆ ನಡೆದು ಬಂದಳು.

"ಅವಳ ತೋಳು ನೋಡ್ಕಂಡು ಬಂದೆ. ನಂಬರ್ ಬರ್ದವಳು ನೀನು."

ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ವಾರಕ್ಕೊಮ್ಮೆ ಅಕ್ಕ ಟೇಪು ಹಿಡಿದು ಆ ಮನೆಗೆ ಹೋಗುತ್ತಿದ್ದಳು. "ಅಳತೆ ತಪ್ಪಿತ್ತು, ಮತ್ತೊಂದ್ಸಲ ತೆಗೀಬೇಕು," ಎನ್ನುತ್ತ ಅವನನ್ನು ಸರಿಸಿ ಒಳಗೆ ನಡೆಯುವಳು. ಒಂದು ರವಿಕೆಯ ಅಳತೆ ಎಷ್ಟು ಸಲ ತಪ್ಪೀತು? ಕೇರಿಗೆಲ್ಲ ಅರ್ಥವಾಗಿತ್ತು. ಅವನಿಗೂ.

ಈ ಮಳೆಗಾಲದಲ್ಲಿ ಮೂರೇ ದಿನದ ಜ್ವರಕ್ಕೆ ಅಕ್ಕ ಹೋಗಿಬಿಟ್ಟಳು. ಅವಳ ಋಣ ಬೇರೆ ಹೇಗೆ ತೀರಿಸಲಿ ಎಂದು ಮತ್ತೆ ನೋಂದಣಿ ಪುಸ್ತಕ ಹಿಡಿದು ಹೊರಟೆ. ಒಂದೊಂದೇ ಮನೆಯಲ್ಲಿ ಹೆಂಗಸರ ನಂಬರು ಸೇರಿಸಿದೆ. ಕೊನೆಗೆ ಉಳಿದದ್ದು ಆ ಮನೆ. ಅವನೇ ಬಾಗಿಲಿಗೆ ಬಂದ.

"ಅವಳನ್ನ ಒಂದ್ಸಲ ಕರೀರಿ," ಎಂದೆ.

"ಅವಳಿಗೀಗ ಎಂತ ಪಾರ್ಸೆಲ್ಲೂ ಬರೂದಿಲ್ಲ."

ನಾನೇ ಅವಳ ಹೆಸರು ಹಿಡಿದು ಎರಡು ಸಲ ಕೂಗಿದೆ. ಒಳಗಿನಿಂದ ಉತ್ತರವಿಲ್ಲ. ಅಕ್ಕನಾಗಿದ್ದರೆ ಅವನನ್ನು ಸರಿಸಿ ಒಳಗೆ ಹೋಗುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ವಾಪಸು ಬಂದೆ.