ಮಂಚದ ಬಾಕ್ಸಿನಲ್ಲಿದ್ದ ಇಟಲಿಯ ವೈನ್

‘ಮನೇಲಿ ಒಂದು ವೈನ್ ಬಾಟ್ಲಿ ಇದೆ. ಹಾಳಾಗಿದ್ಯಾ ನೋಡಿ ಹೇಳ್ತೀರಾ?’

ಕಳೆದ ಭಾನುವಾರ ಬೆಳಿಗ್ಗೆ ಪರಿಚಯದ ಶಾರದಾ ಫೋನ್ ಮಾಡಿ ಕೇಳಿದರು. ನನ್ನನ್ನೇ ಯಾಕೆ ಅಂದಿರಾ? ಹೆಬ್ಬಾಳದಲ್ಲಿ ವೈನ್ ರುಚಿ ನೋಡುವ ಕೋರ್ಸ್ ಮಾಡಿ ಸರ್ಟಿಫಿಕೇಟ್ ತಂದವಳು ನಾನು. (ನಗಬೇಡಿ, ಫ್ರೇಮ್ ಕೂಡ ಹಾಕಿಸಿದ್ದೇನೆ.) ಕರೆದರೆ ಬಿಡುತ್ತೇನೆಯೇ? ಕೊಡಿಗೇಹಳ್ಳಿಗೆ ಹೊರಟೇಬಿಟ್ಟೆ.

ಶಾರದಾರ ಗಂಡ ನಾಗರಾಜ್ ತೀರಿಕೊಂಡು ಎಂಟು ತಿಂಗಳು. ಅವರ ಫ್ಯಾಕ್ಟರಿಗೆ ಮಷೀನ್ ಕೂರಿಸಲು ಬಂದಿದ್ದ ಇಟಲಿಯ ಎಂಜಿನಿಯರ್ ಹೋಗುವಾಗ ಕೊಟ್ಟ ಬಾಟಲಿಯಂತೆ. ಅತ್ತೆಯ ಕಣ್ಣಿಗೆ ಬೀಳದಿರಲೆಂದು ಶಾರದಾ ಅದನ್ನು ಮಂಚದ ಬಾಕ್ಸಿನಲ್ಲಿ, ಕಂಬಳಿಗಳ ನಡುವೆ ಮಲಗಿಸಿಟ್ಟಿದ್ದರು. ಹದಿನೆಂಟು ವರ್ಷ!

‘ಪ್ರತಿ ವರ್ಷ ಕೇಳೋರು, ಇವತ್ತು ಓಪನ್ ಮಾಡೋಣ್ವೇನೇ ಅಂತ. ನಾನು ಒಂದ್ಸಲ ಸೋಮವಾರ ಅಂದೆ, ಒಂದ್ಸಲ ಸಂಕಷ್ಟಿ ಅಂದೆ. ಆಮೇಲೆ ಶ್ರಾವಣ, ಪಿತೃಪಕ್ಷ... ಪಾಪ, ಆಯ್ತು ಬಿಡು ಅನ್ನೋರು.’

ಬೇಡ ಅನ್ನುವುದಕ್ಕೆ ನಮ್ಮ ಕ್ಯಾಲೆಂಡರಿನಲ್ಲಿ ದಿನಗಳಿಗೆ ಬರವೇ? ಆದರೆ ನನ್ನ ಗಮನ ಅವರ ಮಾತಿನ ಮೇಲಿರಲಿಲ್ಲ. ಲೇಬಲ್ಲಿನ ಮೇಲೆ ಬರೋಲೋ ಎಂದಿತ್ತು. ವಯಸ್ಸಾದಷ್ಟೂ ಹದಕ್ಕೆ ಬರುವ ಕೆಂಪು ವೈನಿನ ಜಾತಿ. ಬಿರಡೆ ಮುರಿಯದೆ ಬಂತು. ಗಾಜಿನ ಲೋಟಕ್ಕೆ ಸುರಿದು ಓರೆ ಮಾಡಿದೆ, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಮೂಸಿದೆ. ಒಣಗಿದ ಗುಲಾಬಿ, ಹಳೇ ಚರ್ಮ, ಎಲ್ಲೋ ಒಂಚೂರು ಹುಣಸೆ. ಗುಟುಕರಿಸಿದೆ. ನಾಲಿಗೆ ಹಿಡಿಯಬೇಕಾದ ಒಗರು ಪೂರ್ತಿ ಮೆತ್ತಗಾಗಿತ್ತು. ಅಬ್ಬಾ!

‘ಅದ್ಭುತ ಕಣ್ರೀ! ಕತ್ತಲಲ್ಲಿ ಮಲಗಿಸಿಟ್ಟು ಎಷ್ಟು ಒಳ್ಳೇದು ಮಾಡಿದೀರಿ! ಇಂಥದ್ದು ನಾನು ಕುಡಿದೇ ಇಲ್ಲ’ ಎಂದೆ. ಅಲ್ಲಿಗೂ ನಿಲ್ಲಿಸಲಿಲ್ಲ, ಬಣ್ಣ ವಾಸನೆಗಳನ್ನೆಲ್ಲ ವರ್ಣಿಸಿದೆ.

ತಲೆಯೆತ್ತಿದರೆ ಶಾರದಾ ಅಳುತ್ತಿದ್ದರು.

‘ಹಾಳಾಗಿರತ್ತೆ ಅಂದ್ಕೊಂಡಿದ್ದೆ. ಹಾಳಾಗಿದ್ರೆ, ಅವರೇನೂ ಕಳ್ಕೊಂಡಿಲ್ಲ ಅಂತ ಸಮಾಧಾನ ಆಗ್ತಿತ್ತು.’

ನಾಚಿಕೆಯಿಂದ ಸತ್ತೇಹೋದೆ. ಆಕೆ ಕೇಳಲು ಕಾದಿದ್ದು ಒಂದೇ ಒಂದು ಮಾತು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದೆ. ‘ಸ್ವಲ್ಪ ಹುಳಿ ಬಂದಿದೆ ಅನ್ಸತ್ತೆ...’ ಎಂದು ತಡವರಿಸಿದೆ. ಯಾರು ನಂಬುತ್ತಾರೆ?

ಶಾರದಾ ಲೋಟ ಎತ್ತಿಕೊಂಡು ಜೀವನದಲ್ಲೇ ಮೊದಲ ಸಲ ಒಂದು ಗುಟುಕು ವೈನ್ ಕುಡಿದರು. ಮುಖ ಕಿವುಚಿದರು. ಆಮೇಲೆ ಮೆಲ್ಲಗೆ ಕೇಳಿದರು: ‘ಅವರಿಗೆ ಇದು ಹಿಡಿಸ್ತಿತ್ತಾ?’

ನನಗೆ ಗೊತ್ತಿರಲಿಲ್ಲ; ಮೂವತ್ತು ವರ್ಷ ಸಂಸಾರ ಮಾಡಿದ ಅವರಿಗೂ ಗೊತ್ತಿರಲಿಲ್ಲ.