ನಮ್ಮ ಬೀದಿಯ ನಲ್ಲಿ ಗುಂಡಿಗಳು

ಎಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಮಾಲೂರು ಕಡೆಯಿಂದ ಮುಳಬಾಗಿಲಿಗೆ ಬಂದಾಗ ನನಗೆ ಮೊದಲು ವಿಚಿತ್ರವಾಗಿ ಕಂಡದ್ದು ಮನೆ ಮುಂದಿನ ಗುಂಡಿ. ನಲ್ಲಿ ಅದರ ತಳದಲ್ಲಿತ್ತು. ಬೀದಿಯ ಹಳೇ ಕಬ್ಬಿಣದ ಪೈಪಿನಲ್ಲಿ ನೀರಿಗೆ ಮೇಲೇರುವ ಶಕ್ತಿಯೇ ಇರಲಿಲ್ಲ. ಹಾಗಾಗಿ ಎಲ್ಲರೂ ನೆಲ ಅಗೆದು ನಲ್ಲಿಯನ್ನು ಕೆಳಗಿಳಿಸಿಕೊಂಡಿದ್ದರು. ಪಕ್ಕದ ಮನೆಯವರು ಗೇಣು ಇಳಿಸಿದರೆ ನಮ್ಮತ್ತೆ ಮೊಳ ಇಳಿಸುತ್ತಿದ್ದರು. ಬೀದಿಗೆಲ್ಲ ಆಳವಾದ ಗುಂಡಿ ನಮ್ಮದೇ ಎಂಬ ಹೆಮ್ಮೆ ಬೇರೆ!

ನೀರು ಬರುವ ಹೊತ್ತು ದೇವರಿಗೂ ಗೊತ್ತಿರಲಿಲ್ಲ. ಮುದ್ದೆ ತಿರುವುವಾಗಲೂ, ಮಗಳಿಗೆ ಜಡೆ ಹಾಕುವಾಗಲೂ ನನ್ನ ಕಿವಿ ಹೊರಗೇ. ನಲ್ಲಿ ಬುಸ್ ಎಂದರೆ ಜಡೆ ಅರ್ಧಕ್ಕೆ ಬಿಟ್ಟು ಓಡಬೇಕು. ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಬಾಳು. ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆ ದಿನವೂ ತುಕ್ಕಿನಿಂದ ಕೆಂಪಾಗುತ್ತಿತ್ತು.

ಒಂದು ಮಳೆಗಾಲ ಚರಂಡಿ ತುಂಬಿ ಗುಂಡಿಗೆ ನುಗ್ಗಿತು. ಅತ್ತೆ ಕೊಳಕು ನೀರನ್ನು ಮೊಗೆದು ಚೆಲ್ಲಿ, ನಲ್ಲಿಯ ಬಟ್ಟೆ ಬದಲಾಯಿಸಿ, ಎಂದಿನಂತೆ ಕೊಡ ತುಂಬಿಸಿದರು. ಸ್ವಲ್ಪ ದಿನದಲ್ಲೇ ಮಗಳಿಗೆ ಜ್ವರ. ಡಾಕ್ಟರು ಟೈಫಾಯಿಡ್ ಎಂದರು. ಯಾವ ನೀರು ಕುಡಿಸುತ್ತೀರಿ ಎಂದು ಕೇಳಿದರು. ಅವತ್ತೇ ಪುರಸಭೆಗೆ ಹೋಗಿ ದೂರು ಕೊಟ್ಟೆ.

ಪುರಸಭೆಯವನು ಬಂದು ಅಗೆದ. ಪೈಪು ತೂತುಬಿದ್ದಿತ್ತು. "ನೀರು ನಿಂತಾಗ ಗುಂಡಿ ಕೊಳಕೆಲ್ಲಾ ಪೈಪು ಒಳಕ್ಕೆ ಎಳ್ಕೊಳ್ತದೆ. ಪೈಪೇ ಬದಲಾಯಿಸ್ಬೇಕು ಕಣಮ್ಮಾ, ಮೇಲಿಂದ ಆರ್ಡರ್ ಬರ್ಬೇಕು" ಎಂದು ತೂತಿಗೆ ಸೈಕಲ್ ಟ್ಯೂಬ್ ಸುತ್ತಿ, ಕೈ ತೊಳೆಯಲು ನೀರು ಕೇಳಿದ. ನಾನು ಕೊಡಲಿಲ್ಲ.

ಅವನು ಹೋದದ್ದೇ ನಾನು ನಲ್ಲಿ ಬಿಗಿದು, ಗುಂಡಿಗೆ ಮಣ್ಣು ಎಳೆಯತೊಡಗಿದೆ.

"ಏನಮ್ಮಾ, ತಲೆ ಕೆಟ್ಟಿದ್ಯಾ ನಿಂಗೆ? ನೀರಿಗೇನ್ ಮಾಡ್ತೀಯಾ?" ಅತ್ತೆ ಕೂಗಾಡಿದರು.

"ಈ ನೀರು ನನ್ ಮಗೂಗೆ ಬೇಡ ಅತ್ತೆ."

ಜ್ವರ ಇಳಿದ ದಿನ ಮಗಳು ಕಣ್ಣು ಬಿಟ್ಟು ಮೊದಲು ಕೇಳಿದ್ದು ನೀರು. ಕೊಡ ಬರಿದಾಗಿತ್ತು. ಹೊರಗೆ ಬಂದು ನೋಡಿದರೆ ಅತ್ತೆ, ನಮ್ಮ ಹೆಮ್ಮೆಯ ಅತ್ತೆ, ಪಕ್ಕದ ಮನೆಯ ಗುಂಡಿಯ ಮುಂದೆ ಕೊಡ ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ಪಕ್ಕದ ಮನೆಯಾಕೆ ಗುಂಡಿಯೊಳಗಿನಿಂದ ಚೆಂಬು ಎತ್ತಿಕೊಡುತ್ತಾ, "ಹಿಡ್ಕೊಳ್ಳಿ ಅಕ್ಕಾ, ಮಗೂಗೆ ಅಲ್ವಾ" ಎನ್ನುತ್ತಿದ್ದಳು.

ಅದೇ ಪೈಪಿನ ನೀರು. ಕುದಿಸಿದೆ. ಆರಿಸಿ, ನಂಬಿಕೆ ಬಾರದೆ ಮತ್ತೆ ಕುದಿಸಿದೆ. ಒಳಗಿನಿಂದ "ಅಮ್ಮಾ, ನೀರು" ಎಂಬ ಕೂಗು ನಿಲ್ಲಲಿಲ್ಲ. ಕೊನೆಗೆ ಕೊಟ್ಟೆ. ಅವಳು ಕುಡಿದು ಮುಗಿಸುವವರೆಗೂ ಅವಳ ಗಂಟಲನ್ನೇ ನೋಡುತ್ತಿದ್ದೆ.